ಯಂತ್ರದ ಪರಕಾಯಪ್ರವೇಶ



ಶಂಕರಾಚಾರ್ಯರು ತಮ್ಮ ಶರೀರವನ್ನು ಶಿಷ್ಯರ ಕಾವಲಿನಲ್ಲಿ ಬಿಟ್ಟು, ಅಮರುಕನೆಂಬ ಅರಸನ ನಿರ್ಜೀವ ದೇಹವನ್ನು ಹೊಕ್ಕು, ಕೆಲಕಾಲ ಅದರಲ್ಲಿದ್ದು ಮರಳಿ ಬಂದರೆಂಬ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಅದನ್ನು ನಂಬುವುದು ಬಿಡುವುದು ಅವರವರ ಸಂಸ್ಕಾರಕ್ಕೆ ಸೇರಿದ ಮಾತು. ಈ ಸಂಜೆ ನಾನು ಹೇಳಹೊರಟಿರುವ ಪರಕಾಯಪ್ರವೇಶಕ್ಕಾದರೋ ಯೋಗಸಿದ್ಧಿಯೂ ಬೇಡ, ಶ್ರದ್ಧೆಯೂ ಬೇಡ. ಸಾಮಾನ್ಯವಾದೊಂದು ಗಣಕಯಂತ್ರ, ಒಂದಿಷ್ಟು ತಾಳ್ಮೆ, ಇವೆರಡಿದ್ದರೆ ಸಾಕು. ದಶಕಗಳ ಹಿಂದೆ ಪ್ರಾಣಬಿಟ್ಟ ಯಂತ್ರಗಳಲ್ಲಿ ವಾಸವಾಗಿದ್ದ ತಂತ್ರಾಂಶವು, ಆ ಯಂತ್ರಗಳ ಉಕ್ಕು ಗುಜರಿಗೆ ಸೇರಿ ಎಷ್ಟೋ ಕಾಲವಾದ ಮೇಲೆ, ಈಗಿನ ಯಂತ್ರವೊಂದರ ದೇಹದಲ್ಲಿ ಎದ್ದು ಕುಳಿತು, ತನ್ನ ಹಿಂದಿನ ಕೆಲಸವನ್ನು ಬಿಟ್ಟಲ್ಲಿಂದಲೇ ಮುಂದುವರಿಸುವ ವಿಚಿತ್ರವನ್ನು ಕುರಿತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಈ ವಿಷಯದ ಬಳಿಗೆ ನನ್ನನ್ನು ಎಳೆದು ತಂದದ್ದು ಒಂದು ಪೇಚು. 1990ರ ದಶಕದಲ್ಲಿ ಕನ್ನಡದಲ್ಲಿ ಬೆರಳಚ್ಚಿಸಿ ಫ್ಲಾಪಿಯಲ್ಲಿ ಕಾಪಾಡಿಕೊಂಡಿದ್ದ ನನ್ನದೊಂದು ದೀರ್ಘಲೇಖನವನ್ನು ಕೆಲವು ವರ್ಷಗಳ ಹಿಂದೆ ತೆರೆದು ನೋಡಲಾಗಿ, ಪರದೆಯ ಮೇಲೆ ಕಂಡದ್ದು ರೋಮನ್ ಅಕ್ಷರಗಳೂ ಆಶ್ಚರ್ಯಸೂಚಕ ಚಿಹ್ನೆಗಳೂ ಕಲಸಿಹೋದ ಒಂದು ಮೇಲೋಗರ. ಯೂನಿಕೋಡ್ ನಮ್ಮಲ್ಲಿ ರೂಢಿಗೆ ಬರುವ ಮುನ್ನ ಕನ್ನಡದ ತಂತ್ರಾಂಶಗಳು ನಮ್ಮ ಅಕ್ಷರಗಳನ್ನು ತುಂಡುತುಂಡಾಗಿಸಿ, ಒತ್ತು ದೀರ್ಘ ತಲೆಕಟ್ಟುಗಳನ್ನು ರೋಮನ್ ಲಿಪಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಾಗಿ ಅಡಗಿಸಿಡುತ್ತಿದ್ದುದರಿಂದ, ಆ ಏರ್ಪಾಡನ್ನು ಬಲ್ಲ ತಂತ್ರಾಂಶವಿಲ್ಲದೆ ಕಡತವು ಮೂಕವಾಗಿಬಿಟ್ಟಿತ್ತು. ಕಡತದಲ್ಲಿ ಒಂದು ಬಿಟ್ ಕೂಡ ಕೆಟ್ಟಿರಲಿಲ್ಲ. ಅದನ್ನು ಓದಬಲ್ಲವನು ಲೋಕದಿಂದ ಹೊರಟುಹೋಗಿದ್ದನು, ಅಷ್ಟೆ. ಕಡೆಗೆ ನೆಂಟರ ಹುಡುಗನೊಬ್ಬನು ನನ್ನ ಹೊಸ ಗಣಕದ ಒಳಗೆ ಹಳೆಯ ಗಣಕವೊಂದನ್ನು ನಡೆನುಡಿಸಹಿತ ಕಟ್ಟಿ ನಿಲ್ಲಿಸಿ, ಅದರಲ್ಲಿ ಆ ಕಾಲದ ಕಾರ್ಯಾಚರಣ ವ್ಯವಸ್ಥೆಯನ್ನೂ ಅದರ ಮೇಲೆ ಆ ಕಾಲದ ಕನ್ನಡ ತಂತ್ರಾಂಶವನ್ನೂ ಏರಿಸಿ, ನನ್ನ ಲೇಖನವನ್ನು ನನಗೇ ಓದಿ ತೋರಿಸಿದನು. ಲೇಖನವು ಅಷ್ಟೇನೂ ಚೆನ್ನಾಗಿರಲಿಲ್ಲವೆಂಬುದು ಬೇರೆಯ ಮಾತು.

ಹೀಗೆ ಒಂದು ಯಂತ್ರವು ಮತ್ತೊಂದರ ವೇಷವನ್ನು ಸಮಗ್ರವಾಗಿ ಧರಿಸುವಂತೆ ಮಾಡುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಗಣಕಕ್ಕೆ ಕೊಡುವ ಆದೇಶಗಳೆಲ್ಲವೂ ಕಟ್ಟಕಡೆಗೆ ಸಂಖ್ಯೆಗಳು. ಒಂದು ಜಾತಿಯ ಯಂತ್ರಕ್ಕೆ ‘ಕೂಡು’ ಎಂದು ಕೇಳಿಸುವ ಸಂಖ್ಯೆ ಇನ್ನೊಂದು ಜಾತಿಯ ಯಂತ್ರಕ್ಕೆ ಬರಿಯ ಅನರ್ಥ. ಎಮ್ಯುಲೇಟರು ಹಳೆಯ ಆದೇಶವನ್ನು ಒಂದೊಂದಾಗಿ ಎತ್ತಿಕೊಂಡು, ‘ಆ ಯಂತ್ರವಿದ್ದಿದ್ದರೆ ಈಗ ಏನು ಮಾಡುತ್ತಿತ್ತು’ ಎಂದು ವಿಚಾರಿಸಿ, ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಂಡಿರುವ ಆ ಯಂತ್ರದ ಚಿತ್ರದಲ್ಲಿ ಅದೇ ಬದಲಾವಣೆಯನ್ನು ಮಾಡಿ, ಮುಂದಿನ ಆದೇಶಕ್ಕೆ ನಡೆಯುತ್ತದೆ. ಅಮರುಕನ ಕಥೆಗೂ ಇದಕ್ಕೂ ಇರುವ ಅಂತರವೆಂದರೆ, ಇಲ್ಲಿ ಒಳಹೊಕ್ಕ ಜೀವಕ್ಕೆ ತಾನು ಪರಕಾಯದಲ್ಲಿರುವೆನೆಂಬ ಅರಿವೇ ಇರುವುದಿಲ್ಲ; ತನ್ನ ಟೇಪು, ತನ್ನ ಗಡಿಯಾರ, ತನ್ನ ಮುದ್ರಣಯಂತ್ರ ಎಲ್ಲವೂ ಇದ್ದಲ್ಲೇ ಇವೆಯೆಂದು ಅದು ಭಾವಿಸುತ್ತದೆ. ಇಂಥ ಹಲವು ಯಂತ್ರಗಳ ವೇಷಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟಂತಿರುವ ‘ಸಿಮ್ಎಚ್’ ಎಂಬ ತಂತ್ರಾಂಶವನ್ನು, ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ಬಾಬ್ ಸುಪ್ನಿಕ್ ಅವರು 1993ರಲ್ಲಿ ಆರಂಭಿಸಿದರು. ಇಂದು ಈ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಅದರ ಋಣವಿಲ್ಲದವರು ಕಡಮೆ.

ಇನ್ನು ಪ್ರಕೃತಕ್ಕೆ ಬರೋಣ. ಈ ಬಗೆಯ ಪುನರುಜ್ಜೀವನಗಳು ಅನೇಕ ನಡೆದಿರುವುವಾದರೂ ನನ್ನ ಮನಸ್ಸನ್ನು ಬಲವಾಗಿ ಹಿಡಿದದ್ದು ಒಂದು. ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾ ಎಂಬ ಸಂಸ್ಥೆಯು 1969ರಲ್ಲಿ ದೂರದೂರದ ಗಣಕಗಳನ್ನು ಒಂದಕ್ಕೊಂದು ಮಾತನಾಡಿಸಲು ಆರ್ಪಾನೆಟ್ ಎಂಬ ಜಾಲವನ್ನು ಹೂಡಿತು. ಇಂದಿನ ಅಂತರಜಾಲಕ್ಕೆ ಅದು ಅಜ್ಜಿ. ಗಣಕಗಳು ಬೇರೆಬೇರೆ ಜಾತಿಯವಾಗಿದ್ದುದರಿಂದ ಅವು ನೇರವಾಗಿ ಸಂಭಾಷಿಸಲಾರವೆಂದು, ಪ್ರತಿಯೊಂದರ ಬಾಗಿಲಲ್ಲೂ ಒಬ್ಬೊಬ್ಬ ದ್ವಾರಪಾಲಕನಂತೆ ಒಂದೊಂದು ಸಣ್ಣ ಗಣಕವನ್ನು ನಿಲ್ಲಿಸಿದರು. ಇಂಟರ್‌ಫೇಸ್ ಮೆಸೇಜ್ ಪ್ರೊಸೆಸರ್ ಎಂಬುದು ಅದರ ದೀರ್ಘನಾಮ, ಇಂಪ್ ಎಂಬುದು ಕರೆಯುವ ಹೆಸರು. ಆ ದೇಶದ ಭಾಷೆಯಲ್ಲಿ ಇಂಪ್ ಎಂದರೆ ತುಂಟ ಮರಿಭೂತ. ನಾವು ಇಂಪು ಎಂದು ಉಚ್ಚರಿಸಿದರೆ ತಪ್ಪೇನೂ ಇಲ್ಲವಾದರೂ, ಹನಿವೆಲ್ 516 ಎಂಬ ಗಣಕವನ್ನು ಸೈನ್ಯಕ್ಕೊಪ್ಪುವ ಉಕ್ಕಿನ ಕವಚದಲ್ಲಿ ಹುದುಗಿಸಿ ಮಾಡಿದ್ದ, 400 ಕಿಲೋಗ್ರಾಮಿಗೂ ಮೀರಿದ ಭಾರದ ಆ ಪೆಟ್ಟಿಗೆಯ ಧ್ವನಿಯಲ್ಲಿ ಇಂಪು ಇದ್ದಿರಲಾರದು. ಕೇಂಬ್ರಿಜ್ ನಗರದ ಬಿಬಿಎನ್ ಎಂಬ ಕಂಪನಿಗೆ ಈ ಕೆಲಸ ದೊರೆತಾಗ ಸೆನೆಟರ್ ಎಡ್ವರ್ಡ್ ಕೆನೆಡಿಯವರು ಅಭಿನಂದನೆಯ ತಂತಿ ಕಳುಹಿಸಿ, ಅದರಲ್ಲಿ ಇಂಟರ್‌ಫೇಸ್ ಎಂಬುದು ಇಂಟರ್‌ಫೇತ್ ಎಂದಾಗಿ, ಸರ್ವಮತ ಸಾಮರಸ್ಯದ ಯಂತ್ರಕ್ಕಾಗಿ ಕಂಪನಿಯು ಪ್ರಶಂಸೆ ಪಡೆಯಿತೆಂದು ಒಂದು ಕಥೆಯುಂಟು.

ಇಂಪಿನ ಸ್ಮೃತಿಯಲ್ಲಿದ್ದದ್ದು 16 ಬಿಟ್‌ಗಳ 12,288 ಪದಗಳಿಗೆ ಸ್ಥಳ, ಎಂದರೆ ಇಂದಿನ ಲೆಕ್ಕದಲ್ಲಿ 24 ಕಿಲೋಬೈಟು. ನಿಮ್ಮ ಕೈಯಲ್ಲಿರುವ ದೂರವಾಣಿ ತೆಗೆಯುವ ಒಂದು ಛಾಯಾಚಿತ್ರಕ್ಕೆ ಅದರ ನೂರು ಪಾಲಿಗೂ ಹೆಚ್ಚು ಬೇಕು. ಈ ಇಕ್ಕಟ್ಟಿನಲ್ಲಿ ವಿಲ್ ಕ್ರೌದರ್, ಡೇವ್ ವಾಲ್ಡನ್, ಬರ್ನಿ ಕೊಸೆಲ್ ಎಂಬ ಮೂವರು ಮುಖ್ಯವಾಗಿ ಬರೆದ ತಂತ್ರಾಂಶವು, ಬಂದ ಸಂದೇಶವನ್ನು ಪ್ಯಾಕೆಟ್‌ಗಳೆಂಬ ಚೂರುಗಳಾಗಿ ಕಟ್ಟಿ, ಮುಂದಿನ ಇಂಪಿಗೆ ಸಾಗಿಸಿ, ತಲುಪಿತೆಂಬ ಉತ್ತರ ಬರುವವರೆಗೂ ಪ್ರತಿಯನ್ನು ಕೈಬಿಡದೆ ಇಟ್ಟುಕೊಂಡು, ಬರದಿದ್ದರೆ ಮತ್ತೆ ಕಳುಹಿಸಿ, ಇಷ್ಟರ ನಡುವೆ ಯಾವ ಊರಿಗೆ ಯಾವ ದಾರಿಯಲ್ಲಿ ಎಷ್ಟು ವಿಳಂಬವೆಂಬುದನ್ನು ನೆರೆಯ ಇಂಪುಗಳೊಡನೆ ಸೆಕೆಂಡು ತುಂಬುವ ಮೊದಲೇ ಮತ್ತೆಮತ್ತೆ ವಿಚಾರಿಸಿಕೊಳ್ಳುತ್ತಿದ್ದಿತು. ಯಾವುದೋ ಒಂದು ಇಂಪಿನ ಸ್ಮೃತಿ ಕೆಟ್ಟರೆ ಅದು ನೆರೆಯ ಇಂಪನ್ನು ಕೇಳಿ, ತಂತಿಯ ಮೂಲಕವೇ ತಂತ್ರಾಂಶದ ಪ್ರತಿಯನ್ನು ತರಿಸಿಕೊಂಡು ಮತ್ತೆ ಚೇತರಿಸಿಕೊಳ್ಳಬಲ್ಲುದಾಗಿತ್ತು. ಇದೇ ಕ್ರೌದರರು ಗುಹಾನ್ವೇಷಣೆಯ ಹುಚ್ಚಿನವರು. ಕೆಲವು ವರ್ಷಗಳ ಮೇಲೆ ಕೆಂಟಕಿಯ ಗುಹೆಗಳನ್ನು ನೆನೆದು ‘ಅಡ್ವೆಂಚರ್’ ಎಂಬ ಆಟವನ್ನು ಬರೆದರು, ಆ ಆಟವು ಅವರದೇ ಜಾಲದ ಮೂಲಕ ಹಬ್ಬಿತು.

ಮೊದಲ ಇಂಪು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ 1969ರ ಆಗಸ್ಟ್ ಕೊನೆಯಲ್ಲಿಯೂ ಎರಡನೆಯದು ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಅಕ್ಟೋಬರಿನಲ್ಲಿಯೂ ಬಂದುವು. ಅಕ್ಟೋಬರ್ 29ರ ರಾತ್ರಿ ಹತ್ತೂವರೆಯ ಹೊತ್ತಿಗೆ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ‘ಲಾಗಿನ್’ ಎಂದು ಬರೆಯಹೊರಟು, ಎಲ್ ಮತ್ತು ಓ ಎಂಬ ಎರಡಕ್ಷರ ಆಚೆಯ ದಡ ತಲುಪುವಷ್ಟರಲ್ಲಿ ಅಲ್ಲಿನ ಗಣಕ ಕುಸಿದುಬಿದ್ದು, ಸುಮಾರು ಒಂದು ಗಂಟೆಯ ಬಳಿಕ ಕೆಲಸ ಪೂರ್ತಿಯಾದ ಪ್ರಸಂಗವನ್ನು ನೀವು ಕೇಳಿರಬಹುದು. ಬಿದ್ದದ್ದು ಮನೆಯ ಯಜಮಾನನಾದ ದೊಡ್ಡ ಗಣಕ. ದ್ವಾರಪಾಲಕರಿಬ್ಬರೂ ತಮ್ಮ ಕೆಲಸವನ್ನು ನೆಟ್ಟಗೇ ಮಾಡಿದರು. ಈ ಒಂದಂಶವನ್ನು ಕಥೆ ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ.

1983ರ ಜನವರಿ 1ರಂದು ಜಾಲವು ಹಳೆಯ ಸಂವಾದಕ್ರಮವನ್ನು ತೊರೆದು ಟಿಸಿಪಿ-ಐಪಿ ಎಂಬ ಈಗಿನ ಕ್ರಮವನ್ನು ಹಿಡಿಯಿತು. 1990ರಲ್ಲಿ ಆರ್ಪಾನೆಟ್ಟನ್ನೇ ಮುಚ್ಚಿದರು. ಮೊದಲ ಇಂಪಿನ ಉಕ್ಕಿನ ಪೆಟ್ಟಿಗೆ ಮಾತ್ರ ಲಾಸ್ ಏಂಜಲಿಸ್‌ನ ಅದೇ ವಿಶ್ವವಿದ್ಯಾಲಯದಲ್ಲಿ, ಬೋಲ್ಟರ್ ಹಾಲಿನ 3420ನೆಯ ಕೊಠಡಿಯಲ್ಲಿ ಇಂದಿಗೂ ಪ್ರದರ್ಶನಕ್ಕಿದೆ. ಪ್ರೇಕ್ಷಕರು ಅದನ್ನು ನೋಡಿ ಧನ್ಯರಾಗಬಹುದು, ಮಾತನಾಡಿಸಲಾಗದು. ವಸ್ತುಸಂಗ್ರಹಾಲಯಗಳ ಬಗ್ಗೆ ನನಗೆ ಅಗೌರವವಿಲ್ಲ. ಆದರೂ ವೀಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಇದು ಇಂಥ ವೈಣಿಕರದು’ ಎಂದು ಬರೆದು ತೂಗುಹಾಕಿದರೆ ನುಡಿಸಾಣಿಕೆ ಉಳಿಯಿತೆ? ಇಂಪಿನಲ್ಲಿ ಉಳಿಸಿಕೊಳ್ಳತಕ್ಕದ್ದೇನಾದರೂ ಇದ್ದರೆ ಅದು ಅದರ ನಡವಳಿಕೆ, ಮತ್ತು ನಡವಳಿಕೆಯಿದ್ದದ್ದು ತಂತ್ರಾಂಶದಲ್ಲಿ.

ಆ ತಂತ್ರಾಂಶದಲ್ಲಿ ಕಾಲವು ಉಳಿಸಿದ್ದು 1973ರ ಒಂದು ಲಿಸ್ಟಿಂಗ್, ಎಂದರೆ ಮುದ್ರಣಯಂತ್ರವು ಉದ್ದನೆಯ ಕಾಗದದ ಮೇಲೆ ಹೊಡೆದು ಕೊಟ್ಟ ಪಾಠ. ಇದನ್ನು ಆಧಾರವಾಗಿಟ್ಟುಕೊಂಡು, ಮೂಲಕರ್ತೃಗಳಲ್ಲೊಬ್ಬರಾದ ವಾಲ್ಡನ್ನರೂ ಕೆಲವು ಉತ್ಸಾಹಿಗಳೂ ನಲವತ್ತು ವರ್ಷಗಳ ಬಳಿಕ, 2013ರ ಸುಮಾರಿನಲ್ಲಿ, ಇಂಪನ್ನು ಎಬ್ಬಿಸಲು ಹೊರಟರು. ಇಲ್ಲಿಂದ ಮುಂದಿನ ಕಥೆಯನ್ನು ನಮ್ಮ ಗ್ರಂಥಸಂಪಾದಕರು ಕೇಳಿದರೆ ತಮ್ಮದೇ ಕಥೆಯೆಂದು ಭಾವಿಸಿಯಾರು. ಓಲೆಗರಿಯಿಂದ ಪ್ರತಿ ಮಾಡುವಾಗ ಲಿಪಿಕಾರನ ಕಣ್ಣು ವಕಾರವನ್ನು ಪಕಾರವಾಗಿ ಕಾಣುವಂತೆ, ಮಸುಕಾದ ಮುದ್ರಣದಲ್ಲಿ ಸೊನ್ನೆ ಓ ಅಕ್ಷರವಾಗಿ, ಎಂಟು ಬಿ ಅಕ್ಷರವಾಗಿ ಕಾಣುತ್ತದೆ. ಕಾವ್ಯವಾದರೆ ಸಂಪಾದಕನಿಗೆ ಛಂದಸ್ಸು ನೆರವಾಗುತ್ತದೆ: ಮಾತ್ರೆ ತಪ್ಪಿತೆಂದರೆ ಪಾಠವೂ ತಪ್ಪಿರಬೇಕೆಂದು ಅವನು ನಿಂತು ನೋಡುತ್ತಾನೆ. ಲಿಸ್ಟಿಂಗಿನಲ್ಲಿ ಛಂದಸ್ಸಿನ ಸ್ಥಾನದಲ್ಲಿ ಒಂದು ಅಂಕಣವಿದೆ. ಪ್ರತಿಯೊಂದು ಸಾಲಿನಲ್ಲಿಯೂ ಬಲಗಡೆ ಮನುಷ್ಯನು ಬರೆದ ಆದೇಶವೂ, ಎಡಗಡೆ ಆ ಆದೇಶವು ಯಂತ್ರದ ಸಂಖ್ಯೆಯಾಗಿ ತಳೆದ ರೂಪವೂ ಅಷ್ಟಮಾನ ಅಂಕಿಗಳಲ್ಲಿ ಅಚ್ಚಾಗಿರುತ್ತವೆ. ಬಲಗಡೆಯದನ್ನು ಮತ್ತೆ ಟಂಕಿಸಿ, ಮತ್ತೆ ಸಂಖ್ಯೆಗಳಾಗಿಸಿ, ಎಡಗಡೆಯದರೊಡನೆ ತಾಳೆನೋಡಿದರೆ, ಎಲ್ಲಿ ಹೊಂದಲಿಲ್ಲವೋ ಅಲ್ಲಿ ಕಣ್ಣು ಎಡವಿದೆಯೆಂದರ್ಥ.

ಆದರೆ ಪಾಠವು ಶುದ್ಧವಾದ ಮಾತ್ರಕ್ಕೆ ಇಂಪು ಏಳುವುದಿಲ್ಲ, ದೇಹ ಬೇಕು. ಸಿಮ್ಎಚ್‌ನಲ್ಲಿ ಹನಿವೆಲ್ 316ರ ವೇಷವು ಆಗಲೇ ಸಿದ್ಧವಾಗಿತ್ತು. 516ರ ತಮ್ಮನಾದ ಈ ಯಂತ್ರವನ್ನು 1969ರಲ್ಲಿ ಅಮೆರಿಕದ ಒಂದು ಶ್ರೀಮಂತ ಅಂಗಡಿಯ ಪಟ್ಟಿಯಲ್ಲಿ ಗೃಹಿಣಿಯರಿಗಾಗಿ ‘ಅಡಿಗೆಮನೆಯ ಗಣಕ’ವೆಂದು 10,600 ಡಾಲರಿಗೆ ಮಾರಾಟಕ್ಕಿಟ್ಟಿದ್ದರೆಂಬುದನ್ನು ಸಂದರ್ಭವಲ್ಲದಿದ್ದರೂ ಹೇಳದಿರಲಾರೆ. ಸಾರಿನ ಪಾಕವನ್ನು ತಿಳಿಯಲು ಮೊದಲು ಎರಡು ವಾರ ಪ್ರೋಗ್ರಾಮಿಂಗ್ ಕಲಿಯಬೇಕಾಗಿತ್ತು! ಹಾಗಿರಲಿ. ಇಂಪನ್ನು ಇಂಪಾಗಿಸಿದ್ದು ಹನಿವೆಲ್ ಗಣಕಕ್ಕೆ ಬಿಬಿಎನ್ ತಾನೇ ಜೋಡಿಸಿದ್ದ ವಿಶೇಷ ಉಪಾಂಗಗಳು: ಒಂದೆಡೆ ಆತಿಥೇಯ ಗಣಕದ ಕಡೆಗಿನ ಬಾಗಿಲು, ಇನ್ನೊಂದೆಡೆ ದೂರವಾಣಿ ತಂತಿಯ ಕಡೆಗಿನ ಬಾಗಿಲು. ಅವುಗಳ ನಡತೆಯನ್ನು ಹಳೆಯ ತಾಂತ್ರಿಕ ವರದಿಗಳಿಂದಲೂ ತಂತ್ರಾಂಶವು ಅವುಗಳಿಂದ ಏನನ್ನು ನಿರೀಕ್ಷಿಸುತ್ತಿತ್ತೆಂಬ ಊಹೆಯಿಂದಲೂ ಮತ್ತೆ ಕಟ್ಟಬೇಕಾಯಿತು. ರಾಬರ್ಟ್ ಆರ್ಮ್‌ಸ್ಟ್ರಾಂಗ್ ಎಂಬವರು ಅದನ್ನು ಕಟ್ಟಿದರು. ಊರಿಂದೂರಿಗೆ ಬಾಡಿಗೆಗೆ ಹಿಡಿದಿದ್ದ, ಸೆಕೆಂಡಿಗೆ 50,000 ಬಿಟ್‌ಗಳನ್ನು ಸಾಗಿಸುತ್ತಿದ್ದ ತಂತಿಗಳು ಈಗ ಎಲ್ಲಿಂದ ಬರಬೇಕು? ಆ ತಂತಿಯನ್ನೂ ಅವರು ವೇಷದಲ್ಲಿಯೇ ತಂದರು: ಇಂಪಿನಿಂದ ಹೊರಟ ಪ್ಯಾಕೆಟು ಈಗಿನ ಅಂತರಜಾಲದ ಪ್ಯಾಕೆಟಿನ ಹೊಟ್ಟೆಯಲ್ಲಿ ಕುಳಿತು ಪ್ರಯಾಣಮಾಡಿ ಇನ್ನೊಂದು ಇಂಪನ್ನು ಸೇರುತ್ತದೆ. ಅಜ್ಜಿಯು ಮೊಮ್ಮಗಳ ಸೊಂಟವೇರಿ ಹೋಗುವ ಈ ದೃಶ್ಯವನ್ನು 1969ರಲ್ಲಿ ಯಾರು ಕಲ್ಪಿಸಬಲ್ಲವರಾಗಿದ್ದರು?

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಹೇಳುವುದಕ್ಕಾಗಿಯೇ ನಾನು ಈ ಭಾಷಣವನ್ನು ಒಪ್ಪಿಕೊಂಡದ್ದು. ಓಲೆಗರಿಯ ಸಂಪಾದಕನು ಎಷ್ಟೇ ಶ್ರಮಿಸಿ ಪಾಠವನ್ನು ನಿರ್ಣಯಿಸಿದರೂ, ‘ಇದು ಸರಿಯೆ?’ ಎಂದು ಕೇಳಲು ಕವಿ ಸಿಕ್ಕುವುದಿಲ್ಲ. ತಂತ್ರಾಂಶದ ಸಂಪಾದಕನಿಗೆ ಮಾತ್ರ ನಿರ್ದಾಕ್ಷಿಣ್ಯವಾದ ಒಬ್ಬ ನ್ಯಾಯಾಧೀಶನಿದ್ದಾನೆ. ಪಾಠವನ್ನು ಓಡಿಸಿದಾಗ ಅದು ಓಡಬೇಕು. ಹನ್ನೆರಡು ಸಾವಿರ ಪದಗಳಲ್ಲಿ ಒಂದರ ಒಂದು ಬಿಟ್ ತಪ್ಪಿದ್ದರೂ ಎಲ್ಲೋ ಒಂದು ಕಡೆ ಮುಗ್ಗರಿಸಿ ಬೀಳಬಹುದು. ಆದರೆ ಬಿದ್ದಾಗ ತಪ್ಪು ಯಾರದು? ನ್ಯಾಯಾಧೀಶನನ್ನೂ ನಾವೇ ಕಟ್ಟಿದ್ದೇವಷ್ಟೆ. ಪಾಠ ಕೆಟ್ಟಿದೆಯೋ, ಅದನ್ನು ಓದುವ ಎಮ್ಯುಲೇಟರು ಕೆಟ್ಟಿದೆಯೋ, ಅಥವಾ 1973ರಲ್ಲಿಯೇ ಮೂಲದಲ್ಲಿ ದೋಷವಿದ್ದು ಯಾರೂ ಕಾಣದೆ ಹೋಗಿತ್ತೋ? ಒಂದು ಸಂದೇಹಾಸ್ಪದ ಗ್ರಂಥವನ್ನು ಒಬ್ಬ ಸಂದೇಹಾಸ್ಪದ ಓದುಗನ ಕೈಗೆ ಕೊಟ್ಟು, ಒಬ್ಬರಿಂದ ಇನ್ನೊಬ್ಬರನ್ನು ತಿದ್ದಬೇಕಾದ ಪರಿಸ್ಥಿತಿ ಅದು. ಅದಕ್ಕಾಗಿ ಯಂತ್ರಗಳ ತಯಾರಕರು ತಮ್ಮ ಯಂತ್ರದ ಸ್ವಾಸ್ಥ್ಯಪರೀಕ್ಷೆಗೆಂದು ಬರೆದಿದ್ದ ಹಳೆಯ ಪರೀಕ್ಷಾತಂತ್ರಾಂಶಗಳು ದೊರೆತಲ್ಲಿ, ಈ ಉತ್ಸಾಹಿಗಳು ಮೊದಲು ಅವನ್ನು ಎಮ್ಯುಲೇಟರಿನಲ್ಲಿ ಓಡಿಸಿ, ಓದುಗನ ಕಣ್ಣು ಸರಿಯಿದೆಯೆಂದು ಗೊತ್ತುಮಾಡಿಕೊಂಡ ಮೇಲೆಯೇ ಗ್ರಂಥವನ್ನು ಬಿಚ್ಚುತ್ತಾರೆ.

ಮೂಲದಲ್ಲಿದ್ದ ದೋಷವನ್ನು ಕಂಡರೆ ಏನು ಮಾಡಬೇಕು? ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ: ಮುಟ್ಟಕೂಡದು. ಜೋಸೆಫ್ ವೈಜೆನ್‌ಬಾಮರು ಎಂಐಟಿಯಲ್ಲಿ 1960ರ ದಶಕದ ನಡುವೆ ಬರೆದ ಎಲೈಜಾ ಎಂಬ ಸಂಭಾಷಣೆಯ ತಂತ್ರಾಂಶದ ಮೂಲಪಾಠವು 2021ರಲ್ಲಿ ಆ ಸಂಸ್ಥೆಯ ಪತ್ರಾಗಾರದಲ್ಲಿ ದೊರೆತು, 2024ರ ಡಿಸೆಂಬರಿನಲ್ಲಿ ಅದು ಹುಟ್ಟಿ ಬೆಳೆದ ಸಿಟಿಎಸ್ಎಸ್ ಎಂಬ ವ್ಯವಸ್ಥೆಯ ಮೇಲೆಯೇ, ಐಬಿಎಂ 7094ರ ವೇಷದಲ್ಲಿ, ಮತ್ತೆ ಮಾತನಾಡಿತು. ಬಳಕೆದಾರನು ತನ್ನ ಮಾತಿನಲ್ಲಿ ಅಂಕಿಯೊಂದನ್ನು ತಂದರೆ ಅದು ಕುಸಿದುಬೀಳುವುದನ್ನು ಕಂಡ ಸಂಪಾದಕರು, ತಿದ್ದುವುದು ಸುಲಭವಾಗಿದ್ದರೂ, ತಿದ್ದದೆ ಬಿಟ್ಟರು. ಆರ್ಪಾನೆಟ್ಟಿನಲ್ಲಿಯೂ ಒಮ್ಮೆ ಹಾರ್ವರ್ಡಿನ ಇಂಪಿನ ಸ್ಮೃತಿ ಕೆಟ್ಟು, ‘ಎಲ್ಲ ಊರಿಗೂ ನನ್ನಿಂದ ದೂರ ಸೊನ್ನೆ’ ಎಂದು ಅದು ಸಾರತೊಡಗಲು, ನೆರೆಯವರೆಲ್ಲ ನಂಬಿ ತಮ್ಮ ಪ್ಯಾಕೆಟುಗಳನ್ನು ಅದರ ಕಡೆಗೇ ಹೊರಳಿಸಿ, ಜಾಲದ ಸಂಚಾರವೆಲ್ಲ ಒಂದು ಬಾವಿಗೆ ಬಿದ್ದಂತಾಗಿತ್ತು. ನೆರೆಯವರ ಮಾತನ್ನು ನಂಬಿ ದಾರಿ ಆರಿಸುವ ಆ ಹಳೆಯ ಕ್ರಮವನ್ನು ನಾವು ‘ಸುಧಾರಿಸಿ’ ಉಳಿಸಿದೆವಾದರೆ, ಈ ರೋಗ ಹೇಗೆ ಬಂದಿತೆಂಬುದನ್ನು ಮುಂದಿನವರು ಯಾವ ದೇಹದಲ್ಲಿ ಪರೀಕ್ಷಿಸಬೇಕು?

ದ್ವಾರಪಾಲಕರು ಎದ್ದರು, ಮನೆಯೊಳಗೆ ಯಜಮಾನರಿಲ್ಲದಿದ್ದರೆ ಪ್ರಯೋಜನವೇನು? ಆ ಕೊರತೆಯನ್ನೂ ಬೇರೆ ಉತ್ಸಾಹಿಗಳು ತುಂಬಿದ್ದಾರೆ. ಎಂಐಟಿಯ ಕೃತಕಬುದ್ಧಿಯ ಪ್ರಯೋಗಶಾಲೆಯಲ್ಲಿ 1960ರ ದಶಕದ ಕೊನೆಯಿಂದ 1990ರವರೆಗೆ ಬದುಕಿದ್ದ ಐಟಿಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು, ಉಳಿದ ಟೇಪುಗಳಿಂದ ತೆಗೆದು, ಪಿಡಿಪಿ-10 ಯಂತ್ರದ ವೇಷದಲ್ಲಿ ಮೂಲಪಾಠದಿಂದಲೇ ಮತ್ತೆ ಕಟ್ಟಿ ಇಂಪುಗಳಿಗೆ ಜೋಡಿಸಿದ್ದಾರೆ. ಎಲೈಜಾ ಓಡಿದ ಸಿಟಿಎಸ್ಎಸ್ಸಿನ ಹೆಸರಿನಲ್ಲಿ ‘ಹೊಂದಿಕೊಳ್ಳುವ’ ಎಂಬ ವಿಶೇಷಣವಿತ್ತೆಂದು, ಹಟಕ್ಕೆ ತಮ್ಮದಕ್ಕೆ ‘ಹೊಂದಿಕೊಳ್ಳದ’ ಎಂದು ಹೆಸರಿಟ್ಟವರ ವ್ಯವಸ್ಥೆ ಅದು. ಬಹುಕಾಲ ಅದಕ್ಕೆ ಗುಪ್ತಪದವೇ ಇರಲಿಲ್ಲ; ಜಾಲದ ಮೂಲಕ ಬಂದ ಅಪರಿಚಿತನೂ ಒಳಗೆ ಬಂದು ಕುಳಿತುಕೊಳ್ಳಬಹುದಾಗಿತ್ತು. ವ್ಯವಸ್ಥೆಯನ್ನು ಕೆಡಹುವುದನ್ನೇ ಆಟವಾಗಿಸಿಕೊಂಡ ಹುಡುಗರ ಕಾಟ ತಾಳಲಾರದೆ, ಕೆಡಹುವುದಕ್ಕೆಂದೇ ಒಂದು ಆದೇಶವನ್ನು ಎಲ್ಲರ ಕೈಗೂ ಕೊಟ್ಟುಬಿಡಲು, ಆಟದ ರುಚಿಯೇ ಹೋಯಿತೆಂದು ಹೇಳುತ್ತಾರೆ. ಬಾಗಿಲಿಗೆ ಅಗುಳಿಯೇ ಇಲ್ಲದ ಆ ಮನೆಯಲ್ಲಿ ಇಂದು ಓಡಾಡುವಾಗ, ಗುಪ್ತಪದಗಳ ಗೊಂಚಲನ್ನು ಹೊತ್ತು ಬದುಕುವ ನಮಗೆ ಏನೋ ಒಂದು ಬಗೆಯ ನಾಚಿಕೆಯಾಗುತ್ತದೆ.

ಹುಡುಕಾಟ ಮುಗಿದಿಲ್ಲ. ಆರ್ಪಾನೆಟ್ಟಿನ ನಾಲ್ಕನೆಯ ಇಂಪು ಹೋಗಿ ಸೇರಿದ ಯೂಟಾ ವಿಶ್ವವಿದ್ಯಾಲಯದ ಒಂದು ದಾಸ್ತಾನು ಕೊಠಡಿಯಲ್ಲಿಯೇ 2025ರಲ್ಲಿ, ಕರ್ನೆಲ್ ಎಂಬ ತಿರುಳನ್ನು ಸಿ ಭಾಷೆಯಲ್ಲಿ ಬರೆದ ಮೊದಲ ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆ, ಎಂದರೆ ಅದರ 1973ರ ನಾಲ್ಕನೆಯ ಆವೃತ್ತಿ, ಒಂದು ಟೇಪಿನ ಸುರುಳಿಯಲ್ಲಿ ಸಿಕ್ಕಿತು.

ನೆಂಟರ ಹುಡುಗನ ನೆರವಿನಿಂದ ನನ್ನ ಮೇಜಿನ ಮೇಲೆಯೂ ಈಗ ಎರಡು ಇಂಪುಗಳಿವೆ, ಎರಡೂ ಒಂದೇ ಗಣಕದ ಹೊಟ್ಟೆಯಲ್ಲಿ. ಅವುಗಳಿಗೆ ಯಜಮಾನರನ್ನು ನಾನು ಇನ್ನೂ ಜೋಡಿಸಿಲ್ಲ, ಆದುದರಿಂದ ಸಾಗಿಸಲು ಒಂದು ಸಂದೇಶವೂ ಇಲ್ಲ. ಆದರೂ ಅವು ಸುಮ್ಮನಿರುವುದಿಲ್ಲ. ‘ಇದ್ದೀಯಾ?’ ಎಂದು ಒಂದು ಕೇಳುತ್ತದೆ. ‘ಕೇಳಿಸಿತು, ಇದ್ದೇನೆ’ ಎಂದು ಇನ್ನೊಂದು ಉತ್ತರಕೊಡುತ್ತದೆ. ಹೀಗೆಯೇ ಹಗಲೂ ಇರುಳೂ. ಮೊನ್ನೆ ರಾತ್ರಿ ಒಂದನ್ನು ಬೇಕೆಂದೇ ಆರಿಸಿದೆನು. ಇನ್ನೊಂದು ಕೆಲವು ಸಲ ಕರೆದು, ಉತ್ತರವಿಲ್ಲದಿರಲು, ತಂತಿ ಸತ್ತಿತೆಂದು ಬರೆದುಕೊಂಡಿತು. ಮತ್ತೆ ಹಚ್ಚಿದೆನು. ಬಂದ ಮೊದಲ ಉತ್ತರವನ್ನು ಅದು ಒಡನೆಯೇ ನಂಬಲಿಲ್ಲ. ಮತ್ತೆ ಕೇಳಿತು, ಮತ್ತೂ ಕೇಳಿತು, ಉತ್ತರಗಳು ತಪ್ಪದೆ ಬರುತ್ತಿರುವುದನ್ನು ಕೆಲಹೊತ್ತು ಎಣಿಸುತ್ತ ಕುಳಿತು, ಆಮೇಲೆ ತಂತಿ ಬದುಕಿದೆಯೆಂದು ಒಪ್ಪಿತು.